ಉಪ್ಪಿನಕಾಯಿಯ ಎಣ್ಣೆಯಲ್ಲಿ ಖಾರವಿದೆ, ಉಪ್ಪೇಕಿಲ್ಲ?

ಹಿಂದಿನ ಸಂಚಿಕೆಯಲ್ಲಿ ಸೋಪು ಜಿಡ್ಡನ್ನು ಹೇಗೆ ಬಿಡಿಸುತ್ತದೆ ಎಂದು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಐದು ಒಂದೇ ಜಾಗಕ್ಕೆ ಬಂದು ನಿಂತಿವೆ: ಎಣ್ಣೆಯೂ ನೀರೂ ಸಂಧಿಸುವ ಗಡಿ. ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ನಾಲ್ಕು ವರ್ಷ ನಾನು ದಿನವಿಡೀ ನೋಡುತ್ತಿದ್ದದ್ದು ಇದೇ ಗಡಿಯನ್ನು. ಹಾಗಾಗಿ ಈ ಸಲದ ಅಂಕಣ ಪೂರ್ತಿಯಾಗಿ ಅದಕ್ಕೇ ಮೀಸಲು.

ಪ್ರಶ್ನೆ: ಮಾವಿನಕಾಯಿ ಉಪ್ಪಿನಕಾಯಿಯ ಭರಣಿಯಲ್ಲಿ ಮೇಲೆ ನಿಂತ ಎಣ್ಣೆಯನ್ನು ರೊಟ್ಟಿಗೆ ಹಚ್ಚಿಕೊಂಡರೆ ಖಾರ ಚುರುಕಾಗಿ ಹತ್ತುತ್ತದೆ, ಆದರೆ ಉಪ್ಪಿನ ರುಚಿಯೇ ಇರುವುದಿಲ್ಲ. ಕೆಳಗಿನ ಹೋಳಿನಲ್ಲಿ ಮಾತ್ರ ಕಟುವಾದ ಉಪ್ಪು. ಆರು ತಿಂಗಳು ಒಂದೇ ಭರಣಿಯಲ್ಲಿದ್ದರೂ ಉಪ್ಪು ಎಣ್ಣೆಗೆ ಏಕೆ ಏರುವುದಿಲ್ಲ? (ಗೃಹಿಣಿ, ಬಾಗಲಕೋಟೆ)

ಉತ್ತರ: ನಮ್ಮ ಮಲೆನಾಡಿನ ಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕುವ ರೂಢಿ ಇಲ್ಲ, ಆದ್ದರಿಂದ ಇದನ್ನು ಗಮನಿಸುವ ಅವಕಾಶ ನನಗೆ ಸಿಕ್ಕಿರಲಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಪಕ್ಕದ ಮನೆಯಿಂದ ಒಂದು ಚಮಚ ತಿಳಿ ಎಣ್ಣೆ ತರಿಸಿ ರುಚಿ ನೋಡಿದೆ. ನಿಮ್ಮ ಮಾತು ನಿಜ.

ಅಡುಗೆ ಉಪ್ಪು ನೀರಿನಲ್ಲಿ ಕರಗಿದಾಗ ಉಪ್ಪಾಗಿ ಉಳಿಯುವುದಿಲ್ಲ. ಧನ ವಿದ್ಯುದಂಶದ ಸೋಡಿಯಂ ಅಯಾನು ಒಂದು ಕಡೆ, ಋಣ ವಿದ್ಯುದಂಶದ ಕ್ಲೋರೈಡ್ ಅಯಾನು ಇನ್ನೊಂದು ಕಡೆ ಆಗಿ ಬೇರೆಯಾಗುತ್ತದೆ. ಪ್ರತಿ ಸೋಡಿಯಂ ಅಯಾನಿನ ಸುತ್ತ ಐದಾರು ನೀರಿನ ಅಣುಗಳು ತಮ್ಮ ಆಮ್ಲಜನಕದ ತುದಿಯನ್ನು ಒಳಮುಖ ಮಾಡಿಕೊಂಡು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಆ ಹಿಡಿತ ಸಾಮಾನ್ಯವಾದುದಲ್ಲ. 23 ಗ್ರಾಂ ಸೋಡಿಯಂ ಅಯಾನುಗಳನ್ನು ನೀರಿನಿಂದ ಬರಿಯ ನಿರ್ವಾತಕ್ಕೆ ಎಳೆದು ತೆಗೆಯಲು ಸುಮಾರು 400 ಕಿಲೋಜೂಲ್ ಶಕ್ತಿ ಬೇಕು. ಒಂದು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಬೇಕಾಗುವುದಿಲ್ಲ. ಎಣ್ಣೆಗೆ ಹೋದರೆ ಆ ನಷ್ಟದಲ್ಲಿ ಒಂದು ಪಾಲು ಮಾತ್ರ ಮರಳಿ ಸಿಗುತ್ತದೆ. ವಿದ್ಯುದಂಶವನ್ನು ಸಂತೈಸುವ ಗುಣವನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂಬ ಸಂಖ್ಯೆಯಿಂದ ಅಳೆಯುತ್ತೇವೆ. ನೀರಿಗೆ ಅದು 78, ಅಡುಗೆ ಎಣ್ಣೆಗೆ ಸುಮಾರು 3. ಈ ಸಂಖ್ಯೆಗೂ ಅಯಾನಿನ ಗಾತ್ರಕ್ಕೂ ಇರುವ ಲೆಕ್ಕವನ್ನು 1920ರಲ್ಲಿ ಮ್ಯಾಕ್ಸ್ ಬಾರ್ನ್ ಬರೆದಿಟ್ಟರು. ಅಯಾನು ಚಿಕ್ಕದಾದಷ್ಟೂ ನೀರನ್ನು ಬಿಟ್ಟು ಬರುವ ಬೆಲೆ ಹೆಚ್ಚು.

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್‌ಗೆ ವಿದ್ಯುದಂಶವೇ ಇಲ್ಲ, ಮೇಲಾಗಿ ಅದರ ಅಣುವಿಗೆ ಉದ್ದನೆಯ ಕೊಬ್ಬಿನಂಥ ಬಾಲವಿದೆ. ಅದಕ್ಕೆ ಎಣ್ಣೆಯೇ ತವರು. ಮೆಣಸಿನ ಕೆಂಪು ಬಣ್ಣವೂ ಹಾಗೆಯೇ ಮೇಲೆ ಏರುತ್ತದೆ.

ಉಪ್ಪು ಒಂದಿಷ್ಟೂ ಹೋಗುವುದಿಲ್ಲ ಎಂದು ತಿಳಿಯಬೇಡಿ. ಗಡಿ ಗೋಡೆಯಲ್ಲ. ಯಾವುದೋ ಅಯಾನು ಎಲ್ಲೋ ಒಮ್ಮೆ ದಾಟುತ್ತಲೇ ಇರುತ್ತದೆ, ಆದರೆ ಬೆಲೆ ಅತಿಯಾದದ್ದರಿಂದ ಹಾಗೆ ದಾಟುವವು ನಾಲಿಗೆಗೆ ತಿಳಿಯದಷ್ಟು ವಿರಳ. ಅದಲ್ಲದೆ ಸೋಡಿಯಂ ಒಂಟಿಯಾಗಿ ಎಣ್ಣೆಗೆ ಹೋದರೆ ಎಣ್ಣೆಯ ಕಡೆ ಧನ ವಿದ್ಯುದಂಶ ಹೆಚ್ಚಾಗಿ, ಹಿಂದೆ ಬರುವ ಸೋಡಿಯಮ್ಮನ್ನು ಅದು ದೂರ ತಳ್ಳುತ್ತದೆ. ಈ ತಳ್ಳಾಟವೇ ಗಡಿಯ ಎರಡು ಬದಿಗಳ ನಡುವೆ ವಿಭವಾಂತರ, ಅಂದರೆ ವೋಲ್ಟೇಜ್, ಹುಟ್ಟಿಸುತ್ತದೆ. ಧಾರವಾಡದಿಂದ ಬಂದ ಮುಂದಿನ ಪತ್ರ ಕೇಳಿರುವುದು ಅದನ್ನೇ.

ಪ್ರಶ್ನೆ: ವಿದ್ಯುದ್ವಾರ (ಎಲೆಕ್ಟ್ರೋಡ್) ಎಂದರೆ ಪ್ಲಾಟಿನಂ, ತಾಮ್ರ, ಇಂಗಾಲ ಎಂದು ಓದಿದ್ದೇವೆ. ಬೆರೆಯದ ಎರಡು ದ್ರವಗಳ ಗಡಿಯೂ ವಿದ್ಯುದ್ವಾರದಂತೆ ವರ್ತಿಸುತ್ತದೆ ಎಂದು ನಮ್ಮ ಉಪನ್ಯಾಸಕರು ಹೇಳಿದರು. ಲೋಹವೇ ಇಲ್ಲದ ಕಡೆ ವಿದ್ಯುತ್ ಹರಿಯುವುದು ಹೇಗೆ? ನೀವು ಮಾಡಿ ನೋಡಿದ್ದೀರಾ? (ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ)

ಉತ್ತರ: ಮಾಡಿ ನೋಡಿದ್ದೇನೆ. ಮೊದಲು ಈ ವಿಷಯ ಬೆಳೆದು ಬಂದ ದಾರಿಯನ್ನು ಹೇಳುತ್ತೇನೆ. 1902ರಲ್ಲಿ ಜರ್ಮನಿಯ ಗೊಟಿಂಗನ್‌ನಲ್ಲಿ ವಾಲ್ಟರ್ ನೆರ್ನ್ಸ್ಟ್ ಮತ್ತು ಅವರ ಸಹೋದ್ಯೋಗಿ ರೀಸೆನ್‌ಫೆಲ್ಡ್ ನೀರು ಮತ್ತು ಫೀನಾಲ್‌ಗಳ ಗಡಿಯ ಮೂಲಕ ವಿದ್ಯುತ್ ಹರಿಸಿ ಅಯಾನುಗಳ ಓಡಾಟವನ್ನು ಗಮನಿಸಿದರು. ಅದಾದ ಮೇಲೆ ಬಹುಕಾಲ ಈ ದಾರಿಯಲ್ಲಿ ನಡೆದವರು ಕಡಿಮೆ. 1960ರ ದಶಕದ ಕೊನೆಗೆ ಫ್ರಾನ್ಸಿನಲ್ಲಿ ಕ್ಲೋಡ್ ಗವಾಶ್ ಇಂಥ ಗಡಿಗೆ ಹೊರಗಿನಿಂದ ನಮಗೆ ಬೇಕಾದ ವಿಭವ ಕೊಡಬಹುದೆಂದು ತೋರಿಸಿದರು. ಅಲ್ಲಿಂದ ಕಥೆ ಪ್ರಾಗ್ ನಗರಕ್ಕೆ ಹೋಗುತ್ತದೆ. ತೊಟ್ಟಿಕ್ಕುವ ಪಾದರಸದ ಹನಿಯನ್ನೇ ವಿದ್ಯುದ್ವಾರವಾಗಿ ಬಳಸುವ ಪೋಲರೋಗ್ರಫಿಯನ್ನು 1922ರಲ್ಲಿ ಯಾರೊಸ್ಲಾವ್ ಹೈರೋವ್ಸ್ಕಿ ಹುಟ್ಟುಹಾಕಿದ್ದು ಅಲ್ಲಿಯೇ; ಅದಕ್ಕೆ 1959ರಲ್ಲಿ ನೊಬೆಲ್ ಬಂತು. ಅವರ ಹೆಸರಿನ ಸಂಸ್ಥೆಯಲ್ಲಿ ಯಿರ್ಜಿ ಕೋರಿಟಾ 1970ರ ದಶಕದಲ್ಲಿ ಪಾದರಸದ ಜಾಗದಲ್ಲಿ ಲವಣದ ದ್ರಾವಣವನ್ನೇ ಹನಿಹನಿಯಾಗಿ ಇನ್ನೊಂದು ದ್ರವದೊಳಗೆ ಬಿಟ್ಟರು. ಲೋಹದ ಹನಿ ಹೋಗಿ ನೀರಿನ ಹನಿ ಬಂದಿತು. ಅದೇ ಸಂಸ್ಥೆಯ ಸಾಮೆಟ್ಸ್, ಮರೆಚೆಕ್ ಮುಂತಾದವರು ನಾಲ್ಕು ವಿದ್ಯುದ್ವಾರಗಳ ಏರ್ಪಾಡನ್ನು ಗಟ್ಟಿಗೊಳಿಸಿದರು. ಈ ಪರಂಪರೆಯ ಬಗ್ಗೆ ನನಗೆ ಇಂದಿಗೂ ಅಪಾರ ಗೌರವ.

ಇನ್ನು ನಮ್ಮ ಗಾಜಿನ ಕೋಶ. ಹೆಬ್ಬೆರಳಿನಷ್ಟು ದಪ್ಪದ ಕೊಳವೆ. ಕೆಳಗೆ ಎಣ್ಣೆಯ ಜಾಗದಲ್ಲಿ ನೀರಿನೊಡನೆ ಬೆರೆಯದ ಡೈಕ್ಲೋರೋಈಥೇನ್ ಎಂಬ ದ್ರವ, ನೀರಿಗಿಂತ ಕಾಲು ಪಾಲು ಹೆಚ್ಚು ಭಾರ, ಆದ್ದರಿಂದ ತಳದಲ್ಲಿ ನಿಲ್ಲುತ್ತದೆ. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 10. ಅಡುಗೆ ಎಣ್ಣೆಯಲ್ಲಿ ಲವಣ ಅಯಾನುಗಳಾಗಿ ಬೇರೆಯಾಗುವುದೇ ಇಲ್ಲ, ಇದರಲ್ಲಿ ತಕ್ಕಮಟ್ಟಿಗೆ ಬೇರೆಯಾಗುತ್ತದೆ. ಮೇಲೆ ಲಿಥಿಯಂ ಕ್ಲೋರೈಡ್ ಕರಗಿಸಿದ ನೀರು. ಕೆಳಗಿನ ದ್ರವದಲ್ಲಿ ಟೆಟ್ರಾಬ್ಯೂಟೈಲ್ ಅಮೋನಿಯಂ ಟೆಟ್ರಾಫೀನೈಲ್ ಬೋರೇಟ್ ಎಂಬ ಉದ್ದ ಹೆಸರಿನ ಲವಣ. ಹೆಸರಿನಷ್ಟೇ ದಪ್ಪ ಅದರ ಅಯಾನುಗಳು. ವಿದ್ಯುದಂಶ ಒಳಗೆಲ್ಲೋ ಅಡಗಿ, ಹೊರಗೆಲ್ಲ ಎಣ್ಣೆಯಂಥ ಹೊದಿಕೆ. ಲಿಥಿಯಂ ಮತ್ತು ಕ್ಲೋರೈಡ್‌ಗೆ ನೀರನ್ನು ಬಿಡಲು ಮನಸ್ಸಿಲ್ಲ, ಇವಕ್ಕೆ ಎಣ್ಣೆಯನ್ನು ಬಿಡಲು ಮನಸ್ಸಿಲ್ಲ. ಹಾಗಾಗಿ ಸುಮಾರು ಅರ್ಧ ವೋಲ್ಟಿನ ವ್ಯಾಪ್ತಿಯಲ್ಲಿ ವಿಭವವನ್ನು ಎಷ್ಟು ಬದಲಿಸಿದರೂ ಯಾರೂ ಗಡಿ ದಾಟುವುದಿಲ್ಲ, ಪ್ರವಾಹ ಹೆಚ್ಚುಕಡಿಮೆ ಸೊನ್ನೆ. ಲೋಹದ ವಿದ್ಯುದ್ವಾರಕ್ಕೆ ನಾವು ಬಯಸುವ ಗುಣವೂ ಇದೇ ತಾನೇ?

ನಾಲ್ಕು ವಿದ್ಯುದ್ವಾರಗಳು ಏಕೆ ಎಂದರೆ, ಎರಡು ಪ್ಲಾಟಿನಂ ತಂತಿಗಳು ಪ್ರವಾಹವನ್ನು ಹರಿಸುತ್ತವೆ. ಗಡಿಯ ತೀರ ಸಮೀಪಕ್ಕೆ ಬಾಯಿ ಚಾಚಿದ ಎರಡು ಸಣ್ಣ ಗಾಜಿನ ನಳಿಗೆಗಳ ಹಿಂದಿರುವ ಬೆಳ್ಳಿ ತಂತಿಗಳು ವಿಭವವನ್ನು ಮಾತ್ರ ಅಳೆಯುತ್ತವೆ. ಕೆಳಗಿನ ದ್ರವ ವಿದ್ಯುತ್ತಿಗೆ ಬಹಳ ಅಡ್ಡಿ ಮಾಡುತ್ತದೆ. ಅಳೆಯುವ ಕೆಲಸವನ್ನೂ ಹರಿಸುವ ಕೆಲಸವನ್ನೂ ಒಂದೇ ತಂತಿಗೆ ಒಪ್ಪಿಸಿದರೆ ಗಡಿಯ ನಿಜವಾದ ವಿಭವ ಆ ಅಡ್ಡಿಯಲ್ಲಿ ಮುಳುಗಿಹೋಗುತ್ತದೆ.

ಈಗ ನೀರಿಗೆ ಚಿಟಿಕೆಯಷ್ಟು ಟೆಟ್ರಾಮೀಥೈಲ್ ಅಮೋನಿಯಂ ಕ್ಲೋರೈಡ್ ಹಾಕಿ. ಇದರ ಧನ ಅಯಾನು ನೀರನ್ನೂ ಪೂರ್ತಿ ನೆಚ್ಚಿಲ್ಲ, ಎಣ್ಣೆಯನ್ನೂ ಪೂರ್ತಿ ನೆಚ್ಚಿಲ್ಲ. ನೀರಿನ ಬದಿಯನ್ನು ನಿಧಾನವಾಗಿ, ಸೆಕೆಂಡಿಗೆ 25 ಮಿಲಿವೋಲ್ಟಿನಂತೆ, ಧನದ ಕಡೆಗೆ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಅದು ದಾಟಲು ಆರಂಭಿಸುತ್ತದೆ. ಪ್ರವಾಹ ಏರುತ್ತದೆ. ಗಡಿಯ ಬಳಿ ಇದ್ದವೆಲ್ಲ ದಾಟಿ, ದೂರದವು ಬಂದು ಸೇರಲು ತಡವಾದಾಗ ಪ್ರವಾಹ ಇಳಿಯುತ್ತದೆ. ವಿಭವವನ್ನು ಹಿಂದಕ್ಕೆ ತಂದರೆ ದಾಟಿದವು ಮರಳುತ್ತವೆ, ಪ್ರವಾಹದ ಗ್ರಾಫಿನಲ್ಲಿ ಕೆಳಮುಖವಾಗಿ ಇನ್ನೊಂದು ಶಿಖರ ಮೂಡುತ್ತದೆ. ಒಂದು ವಿದ್ಯುದಂಶದ ಅಯಾನಾದರೆ ಎರಡು ಶಿಖರಗಳ ಅಂತರ 25 ಡಿಗ್ರಿಯಲ್ಲಿ ಸುಮಾರು 59 ಮಿಲಿವೋಲ್ಟ್. ಎರಡಾದರೆ ಅದರ ಅರ್ಧ. ಇಲ್ಲಿ ಯಾವ ಬಂಧವೂ ಮುರಿಯಲಿಲ್ಲ, ಯಾವ ಎಲೆಕ್ಟ್ರಾನೂ ಕೈ ಬದಲಾಯಿಸಲಿಲ್ಲ. ಅಯಾನು ಒಂದು ದ್ರವದಿಂದ ಇನ್ನೊಂದಕ್ಕೆ ಹೋಯಿತು, ಆ ಹೋಗುವಿಕೆಯೇ ಪ್ರವಾಹ.

ನನಗೆ ಆ ಶಿಖರ ಕಾಣಲು ಏಳು ತಿಂಗಳು ಹಿಡಿಯಿತು. ಕೆಳಗಿನ ದ್ರವದ ಲವಣವನ್ನು ನಾವೇ ತಯಾರಿಸಿಕೊಳ್ಳಬೇಕಿತ್ತು. ಎರಡು ದ್ರಾವಣಗಳನ್ನು ಬೆರೆಸಿದರೆ ಮಜ್ಜಿಗೆ ಒಡೆದಂತೆ ಬಿಳಿಯ ಗಸಿ ಕೂರುತ್ತದೆ. ಅದನ್ನು ತೊಳೆದು, ಅಸಿಟೋನಿನಲ್ಲಿ ಕರಗಿಸಿ, ಮತ್ತೆ ಹರಳುಗಟ್ಟಿಸಬೇಕು. ನಾನು ಮೂರು ಸಲ ತೊಳೆದು ಸಾಕೆಂದುಕೊಂಡಿದ್ದೆ. ಬೆರೆಸಿದ ದ್ರಾವಣದಿಂದ ಒಳಗೆ ಉಳಿದಿದ್ದ ಬ್ರೋಮೈಡ್ ಅಯಾನು ತನ್ನ ಪಾಡಿಗೆ ಗಡಿ ದಾಟುತ್ತಾ, ಯಾರೂ ದಾಟಬಾರದ ನನ್ನ ಅರ್ಧ ವೋಲ್ಟಿನ ಕಿಟಕಿಯನ್ನು ಮುಚ್ಚಿಬಿಡುತ್ತಿತ್ತು. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದಾಗ ಮಬ್ಬು ಕಾಣದವರೆಗೂ ತೊಳೆಯಬೇಕು ಎಂದು ಹಿರಿಯ ಸಹಾಯಕರೊಬ್ಬರು ತೋರಿಸಿಕೊಟ್ಟರು. ಒಂಬತ್ತನೆಯ ತೊಳೆತಕ್ಕೆ ನೀರು ತಿಳಿಯಾಗಿ ಉಳಿಯಿತು. ಆ ಸಂಜೆ ರೆಕಾರ್ಡರಿನ ಲೇಖನಿ ಗ್ರಾಫ್ ಕಾಗದದ ಮೇಲೆ ನೇರವಾಗಿ ಸಾಗಿ, ಮೆಲ್ಲನೆ ಗುಡ್ಡ ಏರಿ, ಇಳಿದು, ತಿರುಗಿ ಬರುವಾಗ ಕೆಳಗೊಂದು ಕಣಿವೆ ಬಿಡಿಸಿತು. ಅಳತೆಪಟ್ಟಿ ಇಟ್ಟು ನೋಡಿದೆ, 61 ಮಿಲಿವೋಲ್ಟ್. ಆ ಕಾಗದ ಹಳದಿಯಾಗಿದೆ, ಇನ್ನೂ ನನ್ನ ಬಳಿ ಇದೆ.

ಇನ್ನೊಂದು ಅನುಭವವನ್ನೂ ಹೇಳಬೇಕು. ಒಮ್ಮೆ ಅದೇ ಲೇಖನಿ ಹುಚ್ಚೆದ್ದಂತೆ ಮೇಲೆ ಕೆಳಗೆ ಬಡಿದುಕೊಳ್ಳತೊಡಗಿತು. ತಂತಿಯ ಬೆಸುಗೆ ಬಿಟ್ಟಿದೆ ಎಂದು ಎರಡು ದಿನ ಹುಡುಕಿದೆ. ಕೊನೆಗೆ ಭೂತಗನ್ನಡಿ ಹಿಡಿದು ಗಡಿಯನ್ನೇ ನೋಡಿದರೆ, ಕನ್ನಡಿಯಂತೆ ನಿಂತಿರಬೇಕಾದದ್ದು ಬಿಸಿ ಹಾಲಿನ ಕೆನೆಯಂತೆ ನಡುಗುತ್ತಿತ್ತು. ಗಾಜಿಗೆ ಅಂಟಿದ್ದ ಮಾರ್ಜಕದ ಅಂಶವೇ ಕಾರಣ. ಮಾರ್ಜಕದ ಅಯಾನು ಗಡಿಯಲ್ಲಿ ಕೂರುತ್ತದೆ, ಜೊತೆಗೆ ಗಡಿಯನ್ನು ದಾಟುತ್ತದೆ ಕೂಡ. ಈ ಎರಡೂ ಒಟ್ಟಿಗೆ ನಡೆಯುವ ವಿಭವದಲ್ಲಿ ಗಡಿ ಸ್ಥಿರವಾಗಿ ನಿಲ್ಲಲಾರದು ಎಂಬುದನ್ನು ಕ್ಯೋಟೋದ ತಕಾಶಿ ಕಾಕಿಯುಚಿ ಮುಂದೆ ಸಿದ್ಧಾಂತವಾಗಿ ಬರೆದರು. ಅದನ್ನು ಓದಿದ ದಿನ ಆ ನಡುಗುವ ಕೆನೆ ಮತ್ತೆ ಕಣ್ಣ ಮುಂದೆ ಬಂದಿತು.

ಟೆಟ್ರಾಮೀಥೈಲ್ ಅಮೋನಿಯಂ ದಾಟುವ ಬೆಲೆ ಎಷ್ಟು? ನೀರು ಮತ್ತು ಡೈಕ್ಲೋರೋಈಥೇನ್ ಗಡಿಯಲ್ಲಿ 160 ಮಿಲಿವೋಲ್ಟ್, ಅಂದರೆ ಒಂದು ಮೋಲಿಗೆ ಸುಮಾರು 15 ಕಿಲೋಜೂಲ್. ಈ ಸಂಖ್ಯೆಯ ಹಿಂದೆ ಒಂದು ಒಪ್ಪಂದವಿದೆ. ಒಂಟಿ ಅಯಾನಿನ ಬೆಲೆಯನ್ನು ಪ್ರತ್ಯೇಕವಾಗಿ ಅಳೆಯುವ ದಾರಿ ಇಲ್ಲ. ಜೋಡಿಯದನ್ನು ಮಾತ್ರ ಅಳೆಯಬಹುದು. ಹೆಚ್ಚುಕಡಿಮೆ ಒಂದೇ ಗಾತ್ರ, ಒಂದೇ ಹೊದಿಕೆ ಇರುವ ಟೆಟ್ರಾಫೀನೈಲ್ ಆರ್ಸೋನಿಯಂ ಮತ್ತು ಟೆಟ್ರಾಫೀನೈಲ್ ಬೋರೇಟ್ ಜೋಡಿಯ ಬೆಲೆಯನ್ನು ಸಮಪಾಲು ಮಾಡಿ ಹಂಚಿಕೊಂಡು, ಅಲ್ಲಿಂದ ಉಳಿದ ಅಯಾನುಗಳ ಬೆಲೆಯನ್ನು ಲೆಕ್ಕ ಹಾಕುತ್ತಾರೆ. ಇದು ಊಹೆ ಎಂಬುದನ್ನು ಪರೀಕ್ಷೆಯಲ್ಲಿ ಮರೆಯದೆ ಬರೆಯಿರಿ.

ಪ್ರಶ್ನೆ: ನಮ್ಮ ತಂದೆಯವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಒಂದು ದಿನ ರಕ್ತದ ಪೊಟ್ಯಾಸಿಯಂ 6.8 ಎಂದು ವರದಿ ಬಂದು ಮನೆಯವರೆಲ್ಲ ಗಾಬರಿಯಾದೆವು. ವೈದ್ಯರು ಮತ್ತೊಮ್ಮೆ ರಕ್ತ ತೆಗೆಸಿದಾಗ 4.9. ಯಂತ್ರ ಪೊಟ್ಯಾಸಿಯಮ್ಮನ್ನು ಅಳೆಯುವುದು ಹೇಗೆ? ಅದನ್ನು ನಂಬಬಹುದೇ? (ರೈತರು, ಮಂಡ್ಯ)

ಉತ್ತರ: ಕುಳಿತು ಬರೆಯುವ ಮೊದಲು ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ತಾಯಿಯ ವಿಷಯದಲ್ಲೂ ಹೀಗೇ ಆಗಿತ್ತು, 6.9 ಎಂದು ಬಂದದ್ದು ಎರಡು ಗಂಟೆಯ ನಂತರ 4.4 ಆಗಿತ್ತು. ಆ ಎರಡು ಗಂಟೆ ಹೇಗಿರುತ್ತವೆ ಎಂದು ನನಗೆ ಗೊತ್ತು.

ಯಂತ್ರದೊಳಗಿನ ಪೊಟ್ಯಾಸಿಯಂ ವಿದ್ಯುದ್ವಾರದ ತುದಿಯಲ್ಲಿ ತೆಳುವಾದ ಒಂದು ಪೊರೆ ಇದೆ. ನೋಡಲು ಪ್ಲಾಸ್ಟಿಕ್, ಸ್ವಭಾವದಲ್ಲಿ ಎಣ್ಣೆ. ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಪಿವಿಸಿ, ಎರಡು ಪಾಲು ಅದನ್ನು ಮೆದುಗೊಳಿಸುವ ಎಣ್ಣೆಯಂಥ ದ್ರವ. ರಕ್ತದ ನೀರು ಒಂದು ಕಡೆ, ಈ ಎಣ್ಣೆ ಇನ್ನೊಂದು ಕಡೆ. ಬಾಗಲಕೋಟೆಯ ಭರಣಿಯ ಗಡಿಯೇ ಇದು. ಬರಿ ಎಣ್ಣೆಯಾದರೆ ಪೊಟ್ಯಾಸಿಯಮ್ಮಿಗೂ ಸೋಡಿಯಮ್ಮಿಗೂ ಒಳಗೆ ಬರುವ ಆಸೆಯಿಲ್ಲ. ಆದ್ದರಿಂದ ಪೊರೆಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ವ್ಯಾಲಿನೊಮೈಸಿನ್ ಬೆರೆಸಿರುತ್ತಾರೆ.

ವ್ಯಾಲಿನೊಮೈಸಿನ್ ಮಣ್ಣಿನ ಸೂಕ್ಷ್ಮಜೀವಿಯಿಂದ 1955ರಲ್ಲಿ ಬೇರ್ಪಡಿಸಿದ ವಸ್ತು. ಬಳೆಯಂಥ ಅಣು, ಉಂಗುರದಲ್ಲಿ 36 ಪರಮಾಣುಗಳು. ಪೊಟ್ಯಾಸಿಯಂ ಸಿಕ್ಕಾಗ ಆ ಬಳೆ ಮಡಚಿಕೊಂಡು ಆರು ಆಮ್ಲಜನಕಗಳನ್ನು ಒಳಕ್ಕೆ ತಿರುಗಿಸುತ್ತದೆ. ನೀರು ಕೊಡುತ್ತಿದ್ದ ಹಿಡಿತವನ್ನೇ ಈ ಆರು ಆಮ್ಲಜನಕಗಳು ಕೊಡುತ್ತವೆ, ಹೊರಗೆ ಮಾತ್ರ ಎಣ್ಣೆಯಂಥ ಮೈ. ಹೀಗೆ ದಾಟುವ ಬೆಲೆ ಇಳಿಯುತ್ತದೆ. ಸೋಡಿಯಂ ಪೊಟ್ಯಾಸಿಯಮ್ಮಿಗಿಂತ ಚಿಕ್ಕದು. ಆ ಗೂಡಿನಲ್ಲಿ ಆರೂ ಆಮ್ಲಜನಕಗಳಿಗೆ ಒಟ್ಟಿಗೆ ತಾಗುವುದಿಲ್ಲ, ನೀರನ್ನು ಕಳೆದುಕೊಂಡ ನಷ್ಟ ತುಂಬುವುದಿಲ್ಲ. ನಮ್ಮ ರಕ್ತದಲ್ಲಿ ಪೊಟ್ಯಾಸಿಯಮ್ಮಿಗಿಂತ ಸೋಡಿಯಂ ಸುಮಾರು ಮೂವತ್ತು ಪಟ್ಟು ಹೆಚ್ಚಿದ್ದರೂ ಅಳತೆ ಕೆಡದಿರುವುದು ಇದರಿಂದ. ಜ್ಯೂರಿಕ್‌ನ ವಿಲ್ಹೆಲ್ಮ್ ಸೈಮನ್ ಮತ್ತು ಅವರ ಸಂಗಡಿಗರು 1960ರ ದಶಕದ ಕೊನೆಗೆ ಇದನ್ನು ವಿದ್ಯುದ್ವಾರಕ್ಕೆ ತಂದರು. ಗಡಿಯ ಮೇಲೆ ಇದೇ ಅಣು ಪೊಟ್ಯಾಸಿಯಮ್ಮನ್ನು ಹೇಗೆ ಎಳೆದುಕೊಳ್ಳುತ್ತದೆ ಎಂಬುದನ್ನು ಪ್ರಾಗ್‌ನಲ್ಲಿ ಕೋರಿಟಾ ಪ್ರವಾಹದ ಶಿಖರಗಳಾಗಿ ತೋರಿಸಿದರು. ಪೊರೆಯಲ್ಲಿ ಇನ್ನೊಂದು ವಸ್ತುವನ್ನೂ ಚೂರು ಸೇರಿಸಿರುತ್ತಾರೆ: ನನ್ನನ್ನು ಏಳು ತಿಂಗಳು ಕಾಡಿದ ಬೋರೇಟಿನ ಹತ್ತಿರದ ಸಂಬಂಧಿ. ಎಣ್ಣೆಯೊಳಗೆ ಋಣ ವಿದ್ಯುದಂಶ ಕಾಯಂ ಇರಲಿ, ರಕ್ತದ ಕ್ಲೋರೈಡ್ ಒಳನುಗ್ಗದಿರಲಿ ಎಂದು.

ಯಂತ್ರ ಓದುವುದು ಪೊರೆಯ ಗಡಿಯ ವಿಭವವನ್ನು. ಪೊಟ್ಯಾಸಿಯಂ ಹತ್ತು ಪಟ್ಟಾದರೆ ವಿಭವ ಸುಮಾರು 60 ಮಿಲಿವೋಲ್ಟ್ ಏರುತ್ತದೆ. ಹಾಗಾದರೆ 4ರಿಂದ 5ಕ್ಕೆ ಏರಿದಾಗ? ಬರಿ 6 ಮಿಲಿವೋಲ್ಟ್. ಒಂದೇ ಒಂದು ಮಿಲಿವೋಲ್ಟ್ ತಪ್ಪಿದರೂ ಫಲಿತಾಂಶ ಶೇಕಡ 4ರಷ್ಟು ತಪ್ಪುತ್ತದೆ. ಆದ್ದರಿಂದಲೇ ಪ್ರಯೋಗಾಲಯದವರು ಗೊತ್ತಿರುವ ದ್ರಾವಣಗಳನ್ನು ಹಾಕಿ ಯಂತ್ರವನ್ನು ಮತ್ತೆ ಮತ್ತೆ ಸರಿಹೊಂದಿಸುತ್ತಾರೆ.

6.8 ಬಂದದ್ದು ಹೇಗೆ ಎಂಬುದಕ್ಕೆ ಬಹುಪಾಲು ಸಲ ಉತ್ತರ ಯಂತ್ರದಲ್ಲಿಲ್ಲ, ರಕ್ತ ತೆಗೆದ ರೀತಿಯಲ್ಲಿದೆ. ಕೆಂಪು ರಕ್ತಕಣಗಳ ಒಳಗೆ ಪೊಟ್ಯಾಸಿಯಂ ಹೊರಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಸಣ್ಣ ಸೂಜಿಯಿಂದ ಜೋರಾಗಿ ಎಳೆದರೆ, ಕೊಳವೆಯನ್ನು ರಭಸದಿಂದ ಕುಲುಕಿದರೆ ಕಣಗಳು ಒಡೆದು ಒಳಗಿನದು ಹೊರಬರುತ್ತದೆ. ನನ್ನ ತಾಯಿಯ ಮೊದಲ ಮಾದರಿಯಲ್ಲಿ ಕಣಗಳ ಮೇಲೆ ನಿಂತ ತಿಳಿದ್ರವ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದನ್ನು ಯಾರೂ ವರದಿಯಲ್ಲಿ ಬರೆದಿರಲಿಲ್ಲ, ನನಗೆ ಇವತ್ತಿಗೂ ಅದರ ಬಗ್ಗೆ ಬೇಸರವಿದೆ. ತೋಳಿಗೆ ಪಟ್ಟಿ ಬಿಗಿದು ಮುಷ್ಟಿಯನ್ನು ಪದೇ ಪದೇ ಬಿಗಿಹಿಡಿಸಿದರೂ ಸ್ನಾಯುಗಳಿಂದ ಪೊಟ್ಯಾಸಿಯಂ ಹೊರಬಂದು ಅಂಕಿ ಏರುತ್ತದೆ. ಮುಂದಿನ ಸಲ ರಕ್ತ ತೆಗೆಯುವಾಗ ಕೈಯನ್ನು ಸಡಿಲವಾಗಿ ಇಟ್ಟುಕೊಳ್ಳಲು ತಂದೆಯವರಿಗೆ ಹೇಳಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮೂತ್ರಪಿಂಡದ ತೊಂದರೆ ಇರುವವರಲ್ಲಿ ಪೊಟ್ಯಾಸಿಯಂ ನಿಜವಾಗಿಯೂ ಏರುತ್ತದೆ, ಏರಿದರೆ ಹೃದಯದ ಬಡಿತಕ್ಕೇ ಅಪಾಯ. ಹೆಚ್ಚಿನ ಅಂಕಿ ಬಂದಾಗ ಮನೆಯಲ್ಲೇ ಕುಳಿತು ಸುಳ್ಳೆಂದು ತೀರ್ಮಾನಿಸಬೇಡಿ. ನಿಮ್ಮ ವೈದ್ಯರು ಮಾಡಿದಂತೆ ತಕ್ಷಣ ಮತ್ತೊಮ್ಮೆ ನೋಡಿಸುವುದೇ ಸರಿ.

ಪ್ರಶ್ನೆ: ಈ ಗಡಿಯನ್ನು ಅಯಾನು ಮಾತ್ರ ದಾಟುತ್ತದೆಯೇ, ಎಲೆಕ್ಟ್ರಾನ್ ದಾಟುವುದಿಲ್ಲವೇ? ಗಡಿಯ ದಪ್ಪ ಎಷ್ಟು? (ಪಿಯು ಉಪನ್ಯಾಸಕಿ, ಹಾಸನ)

ಉತ್ತರ: ಎಲೆಕ್ಟ್ರಾನೂ ದಾಟುತ್ತದೆ. ಒಂದು ಬದಿಯಲ್ಲಿ ಕೊಡುವ ಅಣು, ಇನ್ನೊಂದು ಬದಿಯಲ್ಲಿ ತೆಗೆದುಕೊಳ್ಳುವ ಅಣು ಇರಬೇಕು. ಎಣ್ಣೆಯ ಕಡೆಯ ಫೆರೋಸೀನ್‌ನಿಂದ ನೀರಿನ ಕಡೆಯ ಫೆರಿಸಯನೈಡ್‌ಗೆ (ಎರಡೂ ಕಬ್ಬಿಣದ ಸಂಯುಕ್ತಗಳು) ಎಲೆಕ್ಟ್ರಾನ್ ಹೋಗುವುದನ್ನು ಪ್ರಾಗ್‌ನವರೇ 1979ರಲ್ಲಿ ತೋರಿಸಿದರು. ದಪ್ಪ ಸುಮಾರು ಒಂದು ನ್ಯಾನೋಮೀಟರ್. ನೆಟ್ಟಗೆ ಗೆರೆ ಎಳೆದಂತಿರದೆ, ಸಣ್ಣ ಅಲೆಗಳಿಂದ ಸದಾ ಏರಿಳಿಯುತ್ತಿರುತ್ತದೆ. ಅದರ ಎರಡೂ ಕಡೆ ವಿದ್ಯುದಂಶಗಳು ಬೆನ್ನಿಗೆ ಬೆನ್ನು ಕೊಟ್ಟು ಹರಡಿರುತ್ತವೆ ಎಂಬ ಚಿತ್ರವನ್ನು 1939ರಲ್ಲಿ ಫರ್ವೇ ಮತ್ತು ನೀಸೆನ್ ಕೊಟ್ಟರು. ತರಗತಿಗೆ ಅಷ್ಟು ಸಾಕು.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಉಪಕರಣಗಳಿಲ್ಲ. ಅಯಾನು ದಾಟುವುದಿಲ್ಲ, ವಿದ್ಯುದಂಶವಿಲ್ಲದ್ದು ದಾಟುತ್ತದೆ ಎಂಬುದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬಹುದೇ? (ವಿಜ್ಞಾನ ಶಿಕ್ಷಕರು, ರಾಯಚೂರು)

ಉತ್ತರ: ತೋರಿಸಬಹುದು, ಖಂಡಿತ ತೋರಿಸಿ. ಡೈಕ್ಲೋರೋಈಥೇನ್ ವಿಷಕಾರಿ, ಅದು ಶಾಲೆಗೆ ಬೇಡ. ಔಷಧದ ಅಂಗಡಿಯ ಟಿಂಚರ್ ಅಯೋಡಿನ್ ಮತ್ತು ಸ್ವಲ್ಪ ಬಿಳಿ ಸೀಮೆಎಣ್ಣೆ ಸಾಕು. ಟಿಂಚರ್‌ನಲ್ಲಿ ಅಯೋಡಿನ್ ಜೊತೆ ಅಯೋಡೈಡ್ ಲವಣವೂ ಇರುತ್ತದೆ. ಎರಡೂ ಕೂಡಿ ಮೂರು ಅಯೋಡಿನ್ ಪರಮಾಣುಗಳ ಕಂದು ಬಣ್ಣದ ಅಯಾನು ಆಗಿರುತ್ತದೆ. ಅರ್ಧ ಲೋಟ ನೀರಿಗೆ ಚಹಾದ ಬಣ್ಣ ಬರುವಷ್ಟು ಹನಿಸಿ, ಮುಚ್ಚಳವಿರುವ ಗಾಜಿನ ಸೀಸೆಗೆ ಹಾಕಿ. ಮೇಲೆ ಎರಡು ಬೆರಳಿನಷ್ಟು ಸೀಮೆಎಣ್ಣೆ ಸುರಿದು ಕುಲುಕಿ. ನಿಂತ ಮೇಲೆ ನೋಡಿದರೆ ಮೇಲಿನ ಪದರ ನೇರಳೆಗೆ ತಿರುಗಿರುತ್ತದೆ: ದಾಟಿದ್ದು ವಿದ್ಯುದಂಶವಿಲ್ಲದ ಅಯೋಡಿನ್. ಕೆಳಗೆ ಕಂದು ಉಳಿದಿರುತ್ತದೆ: ಅದು ಅಯಾನು, ನೀರನ್ನು ಬಿಡಲಿಲ್ಲ. ಎರಡು ಬಣ್ಣಗಳು ಒಂದರ ಮೇಲೊಂದು ನಿಂತಿರುವುದನ್ನು ಮಕ್ಕಳು ಕಿಟಕಿಯ ಬೆಳಕಿಗೆ ಹಿಡಿದು ನೋಡಲಿ.

ಸೀಮೆಎಣ್ಣೆ ಸಿಗದಿದ್ದರೆ ಬದಲಿಗೆ ಟರ್ಪೆಂಟೈನ್ ಎಂದಿಗೂ ಬಳಸಬೇಡಿ; ಅಯೋಡಿನ್ ಅದರೊಂದಿಗೆ ರಭಸವಾಗಿ ವರ್ತಿಸಿ ಬಿಸಿ ಹುಟ್ಟಿಸುತ್ತದೆ. ಹತ್ತಿರ ಬೆಂಕಿ ಇರಬಾರದು, ಬಟ್ಟೆಗೆ ಕಲೆಯಾಗದಂತೆ ನೋಡಿಕೊಳ್ಳಿ.

ಇಷ್ಟು ಆದ ಮೇಲೆ ಹೈಪೋ (ಸೋಡಿಯಂ ಥಯೋಸಲ್ಫೇಟ್) ಹರಳನ್ನು ನೀರಿನಲ್ಲಿ ಕರಗಿಸಿ ಸೀಸೆಗೆ ಸ್ವಲ್ಪ ಹಾಕಿಸಿ. ಕೆಳಗಿನ ಕಂದು ಬಣ್ಣ ಮಾಯವಾಗುತ್ತದೆ. ಮೇಲಿನ ನೇರಳೆ ಹಾಗೇ ನಿಲ್ಲುತ್ತದೆ, ಏಕೆಂದರೆ ಹೈಪೋ ಕೂಡ ಅಯಾನುಗಳಿಂದಾದದ್ದು, ಮೇಲೆ ಹೋಗಲಾರದು. ಮತ್ತೆ ಕುಲುಕಿದರೆ ನೇರಳೆಯೂ ಮಾಸುತ್ತದೆ. ಅಯೋಡಿನ್ ಗಡಿಗೆ ಬಂದು ನೀರಿಗೆ ಇಳಿದು ಅಯೋಡೈಡ್ ಆಯಿತು. ಈಗ ಎಷ್ಟು ಕುಲುಕಿದರೂ ಅದು ಮೇಲೆ ಹೋಗುವುದಿಲ್ಲ. ಏಕೆ ಎಂದು ನೀವು ಹೇಳಬೇಡಿ, ಮಕ್ಕಳನ್ನೇ ಕೇಳಿ. ಅವರು ಏನೆಂದರೆಂದು ನನಗೂ ಬರೆದು ತಿಳಿಸಿ.